ಕೆಲಸಕ್ಕೆ ತಕ್ಕ ಊಟ: ರೊಟ್ಟಿ, ಹಣ್ಣು ಮತ್ತು ನಮ್ಮ ತೂಕ

(ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲೂಕುಗಳ ಹಾಲು ಉತ್ಪಾದಕ ಸದಸ್ಯರ ಸಭೆಯಲ್ಲಿ ನಿವೃತ್ತ ಪಶುವೈದ್ಯರೊಬ್ಬರು ಮಾಡಿದ ಭಾಷಣ. ಸದಸ್ಯರ ಕೋರಿಕೆಯ ಮೇರೆಗೆ ಇಲ್ಲಿ ಪ್ರಕಟಿಸಲಾಗಿದೆ.)



ನಾನು ದನಗಳ ಡಾಕ್ಟರು. ಮನುಷ್ಯರ ಊಟದ ಬಗ್ಗೆ ಮಾತನಾಡಲು ನನಗೇನು ಅಧಿಕಾರ ಎಂದು ನೀವು ಕೇಳಬಹುದು. ಕೇಳುವುದು ನ್ಯಾಯವೇ. ಅದಕ್ಕೆ ಉತ್ತರವಾಗಿ ನನ್ನ ಜೀವನದಲ್ಲಿ ನಡೆದ ಒಂದು ಘಟನೆಯನ್ನು ಮೊದಲು ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ಹುಕ್ಕೇರಿ ಕಡೆಯ ಒಂದು ಹಳ್ಳಿಯಿಂದ ರಾತ್ರಿ ಹತ್ತು ಗಂಟೆಗೆ ಕರೆ ಬಂತು. ಮನೆಯಲ್ಲಿ ಮದುವೆ ಮುಗಿದಿತ್ತು. ಉಳಿದ ಅನ್ನ, ಬುಂದಿಯನ್ನು ಬುಟ್ಟಿಯಲ್ಲಿ ಹಾಕಿ ಹಿತ್ತಲಲ್ಲಿ ಇಟ್ಟಿದ್ದರು. ಹಗ್ಗ ಬಿಚ್ಚಿಕೊಂಡ ಎಮ್ಮೆ ಅದನ್ನೆಲ್ಲ ತಿಂದುಬಿಟ್ಟಿತ್ತು. ನಾನು ಹೋದಾಗ ಹೊಟ್ಟೆ ಉಬ್ಬಿತ್ತು, ಮೆಲಕು ನಿಂತಿತ್ತು, ಎದ್ದು ನಿಲ್ಲಲು ಶಕ್ತಿ ಇರಲಿಲ್ಲ. ದನದ ದೊಡ್ಡ ಹೊಟ್ಟೆಯಲ್ಲಿ ಒಮ್ಮೆಲೇ ಅಷ್ಟು ಪಿಷ್ಟ ಬಿದ್ದರೆ ಅದು ಹುಳಿಯಾಗಿ ಆಮ್ಲವಾಗುತ್ತದೆ. ಆ ಆಮ್ಲ ರಕ್ತಕ್ಕೆ ಸೇರಿ ಜೀವಕ್ಕೇ ಬರುತ್ತದೆ. ಇದು ನಿಮಗೆ ಗೊತ್ತಿರುವ ಸಂಗತಿಯೇ. ಸಲಾಯಿನ್ ಹಚ್ಚಿ, ಸೋಡಾ ಕೊಟ್ಟು, ಬೆಳಗಿನ ತನಕ ಕುಳಿತೆವು. ಮೂಡಣ ಕೆಂಪಾಗುವ ಹೊತ್ತಿಗೆ ಎಮ್ಮೆ ಮೆಲಕು ಹಾಕಿತು.

ಆ ಮನೆಯ ಹಿರಿಯ ತಾಯಿ ನನಗೆ ಒಂದು ತಾಟಿನ ತುಂಬ ಬುಂದಿ, ಎರಡು ತುಂಡು ಕರದಂಟು ಮತ್ತು ದೊಡ್ಡ ಲೋಟದಲ್ಲಿ ಚಹಾ ತಂದಿಟ್ಟರು. ನಾನು ಎಲ್ಲವನ್ನೂ ತಿಂದೆ. ಆಗ ಅವರು ಕೇಳಿದ ಮಾತು ಇದು:

"ಸಾಹೇಬ್ರ, ಎಮ್ಮಿಗೆ ಅನ್ನ, ಸಿಹಿ ಹೆಚ್ಚಾದ್ರ ಜೀವಕ್ಕ ಬರತೈತಿ ಅಂತೀರಿ. ಮನಷ್ಯಾರಿಗೆ ಏನೂ ಆಗಂಗಿಲ್ಲೇನ್ರಿ?"

ನಾನು ನಕ್ಕು, "ಮನಷ್ಯಾರ ಹೊಟ್ಟಿ ಬ್ಯಾರೇ ತಾಯಿ" ಎಂದು ಹೇಳಿ ಬಂದೆ. ಅದಾದ ನಾಲ್ಕು ತಿಂಗಳಿಗೆ ನನ್ನ ಮನೆಯವರ ಒತ್ತಾಯಕ್ಕೆ ರಕ್ತ ಪರೀಕ್ಷೆ ಮಾಡಿಸಿದೆ. ಬರಿಹೊಟ್ಟೆಯ ಸಕ್ಕರೆ 148 ಇತ್ತು. 126 ದಾಟಿದರೆ ಸಕ್ಕರೆ ಕಾಯಿಲೆ. ತೂಕ 86 ಕಿಲೋ, ಸೊಂಟದ ಸುತ್ತಳತೆ 104 ಸೆಂಟಿಮೀಟರ್. ಊರೂರು ತಿರುಗಿ ಎಮ್ಮೆಗೆ ಎಷ್ಟು ಹಿಂಡಿ, ಎಷ್ಟು ಮೇವು ಎಂದು ಲೆಕ್ಕ ಹೇಳಿದ ಮನುಷ್ಯ ತನ್ನ ತಾಟಿನ ಲೆಕ್ಕವನ್ನೇ ಇಟ್ಟಿರಲಿಲ್ಲ. ಆ ತಾಯಿಯ ಪ್ರಶ್ನೆಗೆ ಅಂದು ಕೊಡದ ಉತ್ತರವನ್ನು ಇಂದು ನಿಮ್ಮೆಲ್ಲರ ಮುಂದೆ ಕೊಡುತ್ತಿದ್ದೇನೆ.

ಪಿಷ್ಟ ಎಂದರೇನು?

ಜೋಳ, ಗೋಧಿ, ಅಕ್ಕಿ, ಗೋವಿನಜೋಳ, ಬಟಾಟೆ, ಸಾಬೂದಾಣಿ, ಸಕ್ಕರೆ, ಬೆಲ್ಲ, ಹಣ್ಣು, ಇವೆಲ್ಲವುಗಳಲ್ಲಿ ಮುಖ್ಯವಾಗಿ ಇರುವುದು ಶರ್ಕರಪಿಷ್ಟ. ಇಂಗ್ಲಿಷಿನಲ್ಲಿ ಕಾರ್ಬೋಹೈಡ್ರೇಟ್ ಎನ್ನುತ್ತಾರೆ. ಇದು ನಮ್ಮ ಶರೀರದ ಉರುವಲು. ಒಂದು ಗ್ರಾಂ ಪಿಷ್ಟದಿಂದ 4 ಕ್ಯಾಲೊರಿ ಶಕ್ತಿ ಸಿಗುತ್ತದೆ. ಒಂದು ಗ್ರಾಂ ಪ್ರೋಟೀನಿನಿಂದಲೂ 4, ಒಂದು ಗ್ರಾಂ ಕೊಬ್ಬಿನಿಂದ 9 ಕ್ಯಾಲೊರಿ.

ದನದ ಹೊಟ್ಟೆಯಲ್ಲಿ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳಿದ್ದು ಕಣಕಿಯ ನಾರನ್ನೂ ಕರಗಿಸಿ ಶಕ್ತಿಯಾಗಿ ಮಾಡುತ್ತವೆ. ನಮ್ಮದು ಒಂದೇ ಹೊಟ್ಟೆ. ನಾವು ತಿಂದ ಪಿಷ್ಟ ಕರುಳಿನಲ್ಲಿ ಗ್ಲೂಕೋಸ್ ಆಗಿ ರಕ್ತಕ್ಕೆ ಸೇರುತ್ತದೆ. ದುಡಿಯುವ ಸ್ನಾಯುಗಳು ಅದನ್ನು ಬಳಸುತ್ತವೆ. ಉಳಿದದ್ದರಲ್ಲಿ ಸ್ವಲ್ಪ ಯಕೃತ್ತಿನಲ್ಲಿ, ಸ್ನಾಯುಗಳಲ್ಲಿ ದಾಸ್ತಾನಾಗುತ್ತದೆ. ಆ ಕಣಜ ಚಿಕ್ಕದು. ಅದು ತುಂಬಿದ ಮೇಲೆ ಬಂದದ್ದೆಲ್ಲ ಬೊಜ್ಜಾಗಿ ಹೊಟ್ಟೆಯ ಸುತ್ತ ಕೂಡುತ್ತದೆ.

ಆದ್ದರಿಂದ ಆ ತಾಯಿಗೆ ಉತ್ತರ ಇಷ್ಟೇ: ಎಮ್ಮೆಗೆ ಒಂದು ರಾತ್ರಿಯಲ್ಲಿ ಆಗುವುದು ನಮಗೆ ಹತ್ತು ಹದಿನೈದು ವರ್ಷಗಳಲ್ಲಿ ಆಗುತ್ತದೆ. ನಿಧಾನವಾಗಿ ಆಗುವುದರಿಂದ ನಮಗೆ ಗೊತ್ತಾಗುವುದಿಲ್ಲ.

ಹಾಗೆಂದು ಪಿಷ್ಟವೇ ಕೆಟ್ಟದ್ದು, ರೊಟ್ಟಿಯೇ ವೈರಿ ಎಂದು ನಾನು ಹೇಳುತ್ತಿಲ್ಲ. ಹಿಂಡಿ ಕೆಟ್ಟದ್ದು ಎಂದು ಹಾಲು ಕೊಡುವ ಎಮ್ಮೆಗೆ ಹಿಂಡಿ ನಿಲ್ಲಿಸುತ್ತೇವೆಯೇ? ಪ್ರಶ್ನೆ ಇರುವುದು ಎಷ್ಟು, ಯಾವುದು, ಯಾರಿಗೆ ಎಂಬುದರಲ್ಲಿ.

ಬತ್ತಿದ ಎಮ್ಮೆ ಮತ್ತು ನಾವು

ನಿಮಗೆಲ್ಲ ಬಾಯಿಪಾಠವಾಗಿರುವ ಲೆಕ್ಕವನ್ನೇ ತೆಗೆದುಕೊಳ್ಳೋಣ. ಶರೀರ ಪೋಷಣೆಗೆ ಒಂದೂವರೆ ಎರಡು ಕಿಲೋ ಪಶು ಆಹಾರ. ಅದರ ಮೇಲೆ ಆಕಳಿಗೆ ಪ್ರತಿ ಎರಡೂವರೆ ಲೀಟರ್ ಹಾಲಿಗೆ ಒಂದು ಕಿಲೋ, ಎಮ್ಮೆಗೆ ಪ್ರತಿ ಎರಡು ಲೀಟರಿಗೆ ಒಂದು ಕಿಲೋ. ಹಾಲು ಬತ್ತಿದ ಮೇಲೂ ಹಾಲು ಕೊಡುವಾಗಿನಷ್ಟೇ ಹಾಕಿದರೆ ಏನಾಗುತ್ತದೆ? ದನ ಬೊಜ್ಜು ಬೆಳೆಸುತ್ತದೆ, ಈಯುವಾಗ ತ್ರಾಸಾಗುತ್ತದೆ, ಈದ ಮೇಲೆ ಮೇವು ಬಿಡುತ್ತದೆ, ಕೀಟೋಸಿಸ್ ಬರುತ್ತದೆ. ಅದಕ್ಕೇ ಜಾಣ ಉತ್ಪಾದಕ ಹಾಲು ನೋಡಿ ಹಿಂಡಿ ಹಾಕುತ್ತಾನೆ.

ಈಗ ನಮ್ಮ ಕಡೆ ನೋಡೋಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಒಂದು ಲೆಕ್ಕ ಕೊಟ್ಟಿದೆ. 65 ಕಿಲೋ ತೂಕದ ಗಂಡಸು ಕುಳಿತು ಕೆಲಸ ಮಾಡುವವನಾದರೆ ದಿನಕ್ಕೆ 2110 ಕ್ಯಾಲೊರಿ ಸಾಕು. ಮಧ್ಯಮ ಕೆಲಸವಾದರೆ 2710. ಭಾರೀ ದುಡಿಮೆಯಾದರೆ 3470. ಹೆಂಗಸರಿಗೆ, 55 ಕಿಲೋ ತೂಕಕ್ಕೆ, ಇದೇ ಕ್ರಮದಲ್ಲಿ 1660, 2130 ಮತ್ತು 2720.

ಗಂಡಸಿನ ಭಾರೀ ದುಡಿಮೆಗೂ ಕುಳಿತ ಕೆಲಸಕ್ಕೂ ಇರುವ ಅಂತರ 1360 ಕ್ಯಾಲೊರಿ. 60 ಗ್ರಾಂ ಹಿಟ್ಟಿನ ಒಂದು ಜೋಳದ ರೊಟ್ಟಿಯಲ್ಲಿ ಸುಮಾರು 200 ಕ್ಯಾಲೊರಿ ಇರುತ್ತದೆ. ಅಂದರೆ ಅಂತರ ಹೆಚ್ಚು ಕಡಿಮೆ ಏಳು ರೊಟ್ಟಿಯದು.

ನಮ್ಮ ಅಜ್ಜಂದಿರು ಮಟ್ಟಿ ಹೊಡೆದರು, ಬಾವಿ ಕಡಿದರು, ಸಂತೆಗೆ ನಡೆದು ಹೋಗಿ ನಡೆದು ಬಂದರು. ಬುತ್ತಿಯಲ್ಲಿ ಕಟ್ಟಿಕೊಂಡ ರೊಟ್ಟಿ ಹೊಲದಲ್ಲೇ ಕರಗುತ್ತಿತ್ತು. ಇಂದು ಟ್ರ್ಯಾಕ್ಟರ್ ಊಳುತ್ತದೆ, ಮೋಟಾರ್ ನೀರೆತ್ತುತ್ತದೆ, ಮೇವು ಕತ್ತರಿಸಲು ಯಂತ್ರವಿದೆ, ಡೈರಿಗೆ ಹಾಲಿನ ಕ್ಯಾನು ಮೋಟರ್ ಸೈಕಲ್ ಮೇಲೆ ಹೋಗುತ್ತದೆ. ಇದೆಲ್ಲ ಒಳ್ಳೆಯದೇ, ಬೆನ್ನು ಮುರಿಯುವ ದುಡಿಮೆ ಯಾರಿಗೂ ಬೇಡ. ಆದರೆ ದುಡಿಮೆ ಕಡಿಮೆಯಾಯಿತು, ತಾಟು ಮಾತ್ರ ಅಜ್ಜನದೇ ಉಳಿಯಿತು.

ಗರಡಿಮನೆಯ ಉದಾಹರಣೆ ಇನ್ನೂ ಸ್ಪಷ್ಟ. ದಂಡ ಬೈಠಕ್ ಹೊಡೆಯುವ ಪೈಲವಾನನಿಗೆ ಎರಡು ಲೀಟರ್ ಹಾಲು, ಬದಾಮಿ, ತುಪ್ಪ ಎಲ್ಲವೂ ಅರಗುತ್ತದೆ. ಅವನೇ ಕುಸ್ತಿ ಬಿಟ್ಟು ಅಂಗಡಿ ಇಟ್ಟುಕೊಂಡು ಕುಳಿತ ಮೇಲೂ ಖುರಾಕು ಬಿಡದಿದ್ದರೆ ನಾಲ್ಕೇ ವರ್ಷದಲ್ಲಿ ಮೆಟ್ಟಿಲು ಹತ್ತಲು ಏದುಸಿರು ಬಿಡುತ್ತಾನೆ. ಇಂಥವರನ್ನು ನೀವೆಲ್ಲ ಕಂಡಿದ್ದೀರಿ.

ನೀರು ಬಂತು, ಜೋಳ ಹೋಯಿತು

ನಮ್ಮ ಭಾಗದ ಊಟ ಬದಲಾದದ್ದಕ್ಕೆ ಇನ್ನೊಂದು ಕಾರಣವಿದೆ. 1897ರಲ್ಲಿ ಧೂಪದಾಳದ ಒಡ್ಡು ಮುಗಿದು ಘಟಪ್ರಭೆಯ ನೀರು ಕಾಲುವೆಗೆ ಬಂತು. ಮುಂದೆ ಹುಕ್ಕೇರಿ ತಾಲೂಕಿನ ಹಿಡಕಲ್‌ದಲ್ಲಿ ದೊಡ್ಡ ಜಲಾಶಯವಾಯಿತು. ಸಂಕೇಶ್ವರದಲ್ಲಿ, ಗೋಕಾಕ ಭಾಗದಲ್ಲಿ ಸಹಕಾರಿ ಸಕ್ಕರೆ ಕಾರ್ಖಾನೆಗಳು ಬಂದವು. ಜೋಳದ ಹೊಲಗಳು ಕಬ್ಬಿನ ಹೊಲಗಳಾದವು. ನೀರಿನಿಂದ ಬದುಕು ಹಸನಾಯಿತು, ಮೇವು ಹೆಚ್ಚಿತು, ಹೈನುಗಾರಿಕೆಯೂ ಬೆಳೆಯಿತು. ಇದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಹೊಲದಿಂದ ಜೋಳ ಹೋದ ಮೇಲೆ ಎಷ್ಟೋ ಮನೆಗಳ ತಾಟಿನಿಂದಲೂ ಹೋಯಿತು. ನುಚ್ಚು, ಅಂಬಲಿ, ಮುಟಗಿ ಮರೆಯಾಗಿ ಮೂರು ಹೊತ್ತೂ ಬಿಳಿ ಅನ್ನ, ಉಪ್ಪಿಟ್ಟು, ಅವಲಕ್ಕಿ, ಮೈದಾದ ಬಿಸ್ಕೀಟು, ಬ್ರೆಡ್ಡು ಬಂದವು.

ಅಂತರ ಎಷ್ಟೆಂದು ನೋಡಿ. ನೂರು ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರು, 10 ಗ್ರಾಂ ಪ್ರೋಟೀನ್ ಇದೆ. ನೂರು ಗ್ರಾಂ ಪಾಲಿಶ್ ಅಕ್ಕಿಯಲ್ಲಿ ನಾರು 3 ಗ್ರಾಂಗಿಂತ ಕಡಿಮೆ, ಪ್ರೋಟೀನ್ 8 ಗ್ರಾಂ. ನಾರು ಇದ್ದರೆ ಪಿಷ್ಟ ನಿಧಾನವಾಗಿ ಕರಗುತ್ತದೆ, ಹೊಟ್ಟೆ ಬೇಗ ತುಂಬುತ್ತದೆ, ಹಸಿವು ತಡವಾಗಿ ಆಗುತ್ತದೆ. ನಾರಿಲ್ಲದ ಪಿಷ್ಟ ಒಣ ಹುಲ್ಲಿಗೆ ಬೆಂಕಿ ಹಚ್ಚಿದಂತೆ: ಭಗ್ಗನೆ ಉರಿದು ಬೇಗ ಆರುತ್ತದೆ, ಎರಡು ತಾಸಿಗೆ ಮತ್ತೆ ಹಸಿವು.

ಇದು ನಮ್ಮೊಬ್ಬರ ಕಥೆಯಲ್ಲ. ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಲ್ಲಿ ದೇಶದಾದ್ಯಂತ ನಡೆದ ಸಮೀಕ್ಷೆಯ ವರದಿ 2023ರಲ್ಲಿ ಪ್ರಕಟವಾಯಿತು. ದೇಶದಲ್ಲಿ 10 ಕೋಟಿ 10 ಲಕ್ಷ ಜನರಿಗೆ ಸಕ್ಕರೆ ಕಾಯಿಲೆ ಇದೆ, ಇನ್ನೂ 13 ಕೋಟಿ 60 ಲಕ್ಷ ಜನ ಅದರ ಹೊಸ್ತಿಲಲ್ಲಿ ಇದ್ದಾರೆ ಎಂದು ಅದು ಅಂದಾಜು ಮಾಡಿತು. ಅದೇ ಸಮೀಕ್ಷೆಯ 2025ರ ವರದಿಯ ಪ್ರಕಾರ ನಾವು ತಿನ್ನುವ ಒಟ್ಟು ಶಕ್ತಿಯಲ್ಲಿ ನೂರಕ್ಕೆ 62 ಪಾಲು ಪಿಷ್ಟದಿಂದಲೇ ಬರುತ್ತದೆ. ಅದರಲ್ಲಿ ಹೆಚ್ಚಿನದು ಬಿಳಿ ಅಕ್ಕಿ, ನುಣ್ಣಗಿನ ಗೋಧಿ ಹಿಟ್ಟು ಮತ್ತು ಸಕ್ಕರೆ.

ಚಹಾದ ಲೆಕ್ಕ

ಬಂಧುಗಳೇ, ಒಂದು ಸಣ್ಣ ಲೆಕ್ಕ ಮಾಡೋಣ. ನಮ್ಮಲ್ಲಿ ದಿನಕ್ಕೆ ಆರು ಕಪ್ಪು ಚಹಾ ಕುಡಿಯುವವರು ಬಹಳ. ಕಪ್ಪಿಗೆ ಎರಡು ಚಮಚ ಸಕ್ಕರೆ. ಒಂದು ಚಮಚಕ್ಕೆ 5 ಗ್ರಾಂ ಎಂದರೆ ದಿನಕ್ಕೆ 60 ಗ್ರಾಂ, 240 ಕ್ಯಾಲೊರಿ. ಇದು ಒಂದು ರೊಟ್ಟಿಗಿಂತ ಹೆಚ್ಚು. ರೊಟ್ಟಿಯಲ್ಲಿ ನಾರು ಇದೆ, ಪ್ರೋಟೀನ್ ಇದೆ. ಸಕ್ಕರೆಯಲ್ಲಿ ಎರಡೂ ಇಲ್ಲ. ವರ್ಷಕ್ಕೆ ಕೂಡಿಸಿದರೆ ಒಬ್ಬನೇ ಮನುಷ್ಯ ಚಹಾದಲ್ಲೇ ಸುಮಾರು 22 ಕಿಲೋ ಸಕ್ಕರೆ ಕುಡಿಯುತ್ತಾನೆ. ಅರ್ಧ ಚೀಲ ಸಕ್ಕರೆ ನಿಮ್ಮ ಮುಂದೆ ಇಟ್ಟು ಇದನ್ನು ತಿನ್ನಿರಿ ಎಂದರೆ ಯಾರಾದರೂ ತಿನ್ನುತ್ತೀರಾ?

ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ ಪ್ರಕಾರ ಸೇರಿಸಿದ ಸಕ್ಕರೆ ದಿನದ ಶಕ್ತಿಯ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ ಇರಬೇಕು. ಎರಡು ಸಾವಿರ ಕ್ಯಾಲೊರಿ ಉಣ್ಣುವವರಿಗೆ ಅದು 50 ಗ್ರಾಂ. ಅದರ ಅರ್ಧಕ್ಕೆ ಇಳಿಸಿದರೆ ಇನ್ನೂ ಒಳ್ಳೆಯದು. ನಮ್ಮ ಚಹಾ ಒಂದೇ ಆ ಗೆರೆ ದಾಟಿರುತ್ತದೆ.

"ನಾವು ಬೆಲ್ಲದ ಚಹಾ ಕುಡೀತೇವ್ರಿ" ಎಂದು ಕೆಲವರು ಹೇಳುತ್ತಾರೆ. ಬೆಲ್ಲದಲ್ಲಿ ಸ್ವಲ್ಪ ಖನಿಜಾಂಶ ಇದೆ, ಒಪ್ಪುತ್ತೇನೆ. ಆದರೆ ಕ್ಯಾಲೊರಿಯಲ್ಲಿ, ರಕ್ತದ ಸಕ್ಕರೆ ಏರಿಸುವುದರಲ್ಲಿ ಬೆಲ್ಲ ಮತ್ತು ಸಕ್ಕರೆ ಒಂದೇ ತಾಯಿಯ ಮಕ್ಕಳು. ಕಬ್ಬು ಬೆಳೆಯುವ ನಾವು ಇದನ್ನು ಮರೆಯಬಾರದು.

ಹಣ್ಣು ತಿನ್ನಿರಿ, ಕುಡಿಯಬೇಡಿರಿ

ಈಗ ಹಣ್ಣಿನ ವಿಷಯ. ಇಲ್ಲಿ ನಾನು ಮಾಡಿದ ತಪ್ಪನ್ನು ಮೊದಲು ಒಪ್ಪಿಕೊಳ್ಳುತ್ತೇನೆ. ಸಕ್ಕರೆ ಕಾಯಿಲೆ ಎಂದು ಗೊತ್ತಾದ ಕೂಡಲೇ ಹೆದರಿ ರೊಟ್ಟಿ, ಅನ್ನ ಪೂರ್ತಿ ಬಿಟ್ಟೆ. ಹಣ್ಣಿನಲ್ಲಿ ಏನೂ ದೋಷವಿಲ್ಲ ಎಂದು ಯಾರೋ ಹೇಳಿದ್ದನ್ನು ನಂಬಿ ಬೆಳಿಗ್ಗೆ ಎರಡು, ಸಂಜೆ ಎರಡು ಲೋಟ ಹಣ್ಣಿನ ರಸ ಕುಡಿದೆ. ಹದಿನೈದು ದಿನಗಳಲ್ಲಿ ಕೈಕಾಲು ಸೋತವು, ಮನೆಯಲ್ಲಿ ಎಲ್ಲರ ಮೇಲೂ ಸಿಟ್ಟು. ಮತ್ತೆ ಪರೀಕ್ಷೆ ಮಾಡಿಸಿದರೆ ಸಕ್ಕರೆ ಇಳಿಯುವುದಿರಲಿ, ಏರಿತ್ತು. ಮನೆಯವರು ಅಂದರು: "ನಾಕ ಮೋಸಂಬಿ ಹಿಂಡಿ, ಸಿಪ್ಪಿ ಚರಟಾ ಎಮ್ಮಿಗೆ ಹಾಕಿ, ಸಕ್ಕರಿ ನೀರು ನೀವು ಕುಡೀತೀರಿ. ಚಲೋದು ಎಮ್ಮಿಗೆ ಹೋತು ನೋಡ್ರಿ." ಮೂವತ್ತು ವರ್ಷ ನೌಕರಿ ಮಾಡಿದ ನನಗೆ ಹೊಳೆಯದ್ದು ಅವರಿಗೆ ಹೊಳೆದಿತ್ತು.

ಹಣ್ಣಿನ ಸಿಹಿಯೂ ಸಕ್ಕರೆಯೇ. ಆದರೆ ಇಡೀ ಹಣ್ಣಿನಲ್ಲಿ ಅದು ನಾರು ಮತ್ತು ನೀರಿನ ನಡುವೆ ಬಂಧಿಯಾಗಿರುತ್ತದೆ. ಒಂದು ಪೇರಲ ಅಗಿಯಲು ಐದು ನಿಮಿಷ ಬೇಕು. ಅಷ್ಟರಲ್ಲಿ ಹೊಟ್ಟೆಗೂ ತೃಪ್ತಿ. ನಾಲ್ಕು ಹಣ್ಣಿನ ರಸವನ್ನು ಒಂದೇ ನಿಮಿಷದಲ್ಲಿ ಕುಡಿದುಬಿಡಬಹುದು, ನಾರು ಸೋಸಣಿಕೆಯಲ್ಲಿ ಉಳಿಯುತ್ತದೆ. ಆದ್ದರಿಂದ ಹಣ್ಣನ್ನು ಹಲ್ಲಿನಿಂದ ತಿನ್ನಿರಿ, ಲೋಟದಿಂದ ಕುಡಿಯಬೇಡಿರಿ. ಕಬ್ಬಿನ ಹಾಲು, ಬಾಟಲಿಯ ತಂಪು ಪಾನೀಯ, ಸಕ್ಕರೆ ಸುರಿದ ಶೀಕರಣಿ ಇವು ಹಣ್ಣಿನ ಲೆಕ್ಕಕ್ಕೆ ಬರುವುದೇ ಇಲ್ಲ.

ಎಷ್ಟು ತಿನ್ನಬೇಕು? ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2024ರಲ್ಲಿ ಹೊಸ ಆಹಾರ ಮಾರ್ಗಸೂಚಿ ಹೊರಡಿಸಿದೆ. ಎರಡು ಸಾವಿರ ಕ್ಯಾಲೊರಿಯ ಊಟಕ್ಕೆ ಅದು ಹೇಳುವ ಅಳತೆ ಸುಮಾರು ಹೀಗಿದೆ: ಧಾನ್ಯ 250 ಗ್ರಾಂ, ಬೇಳೆಕಾಳು 80ರಿಂದ 90 ಗ್ರಾಂ, ತರಕಾರಿ ಮತ್ತು ಸೊಪ್ಪು 400 ಗ್ರಾಂ, ಹಣ್ಣು 100 ಗ್ರಾಂ, ಹಾಲು ಅಥವಾ ಮೊಸರು 300 ಮಿಲಿ ಲೀಟರ್. 250 ಗ್ರಾಂ ಧಾನ್ಯ ಎಂದರೆ ನಾಲ್ಕು ರೊಟ್ಟಿಯ ಹಿಟ್ಟು. ಅನ್ನ ಉಂಡರೆ ಅದೂ ಇದರಲ್ಲೇ ಬರಬೇಕು. ಭಾರೀ ದುಡಿಮೆಯವರಿಗೆ ಇನ್ನೂ ಹೆಚ್ಚು ಬೇಕು.

ನೂರು ಗ್ರಾಂ ಹಣ್ಣು ಎಂದರೆ ಒಂದು ಮಧ್ಯಮ ಪೇರಲ, ಇಲ್ಲವೆ ಒಂದು ಬಾಳೆಹಣ್ಣು, ಇಲ್ಲವೆ ಒಂದು ಬೊಗಸೆ ನೇರಲ ಅಥವಾ ಬಾರಿಹಣ್ಣು. ಸೇಬು, ಕಿವಿ ಹಣ್ಣು ಕೊಳ್ಳಲು ಪೇಟೆಗೆ ಹೋಗಬೇಕಿಲ್ಲ. ನೂರು ಗ್ರಾಂ ಪೇರಲದಲ್ಲಿ 200 ಮಿಲಿ ಗ್ರಾಂಗೂ ಮೀರಿ ಸಿ ಜೀವಸತ್ವ ಇದೆ, ಸೇಬಿನಲ್ಲಿ ಅದರ ಹತ್ತನೇ ಒಂದು ಪಾಲೂ ಇಲ್ಲ. ಬದುವಿನ ಮೇಲೆ ಒಂದು ಪೇರಲ, ಒಂದು ನೇರಲ, ಒಂದು ಲಿಂಬೆ ಹಚ್ಚಿರಿ. ಬಚ್ಚಲ ನೀರು ಹೋಗುವಲ್ಲಿ ಪಪ್ಪಾಯಿ, ಬಾಳೆ ಇರಲಿ. ಗೊಬ್ಬರಕ್ಕೆ ನಮ್ಮಲ್ಲಿ ಬರವಿಲ್ಲವಷ್ಟೆ!

ಸಕ್ಕರೆ ಕಾಯಿಲೆ ಇದ್ದವರು ಹಣ್ಣು ಮುಟ್ಟಲೇಬಾರದು ಎಂಬ ಮಾತು ಸರಿಯಲ್ಲ. ಪೇರಲ, ನೇರಲ, ಪಪ್ಪಾಯಿಯ ನಾಲ್ಕು ಹೋಳು, ಹೀಗೆ ಒಂದು ಹೊತ್ತಿಗೆ ಒಂದು ಹಣ್ಣು ತಿನ್ನಬಹುದು. ಹೊಟ್ಟೆ ತುಂಬ ಊಟದ ಮೇಲೆ ಬೇಡ, ಎರಡು ಊಟಗಳ ನಡುವೆ ಬಿಸ್ಕೀಟು, ಚುರುಮುರಿಯ ಬದಲಿಗೆ ಇರಲಿ. ಮಾವು, ಚಿಕ್ಕು, ಸೀತಾಫಲ, ದ್ರಾಕ್ಷಿಯಲ್ಲಿ ಸಕ್ಕರೆ ಹೆಚ್ಚು. ಅವನ್ನು ರುಚಿಗೆ ಸ್ವಲ್ಪ ತಿನ್ನಿರಿ.

ಉಪವಾಸದ ಬಗ್ಗೆಯೂ ಒಂದು ಮಾತು. ಸೋಮವಾರ, ಏಕಾದಶಿ ಎಂದು ಉಪವಾಸ ಮಾಡಿ ಬೆಳಿಗ್ಗೆ ಒಂದು ತಾಟು ಸಾಬೂದಾಣಿ ಕಿಚಡಿ, ಮಧ್ಯಾಹ್ನ ಬಟಾಟೆ, ರಾತ್ರಿ ನಾಲ್ಕು ಬಾಳೆಹಣ್ಣು ತಿಂದರೆ ದೇವರಿಗೆ ಭಕ್ತಿ ಸಲ್ಲಬಹುದು, ತೂಕ ಇಳಿಯುವುದಿಲ್ಲ. ಸಾಬೂದಾಣಿ ಹೆಚ್ಚು ಕಡಿಮೆ ಬರೀ ಪಿಷ್ಟ. ಉಪವಾಸಕ್ಕೆ ಒಂದು ಹಣ್ಣು, ಒಂದು ಲೋಟ ಹಾಲು, ಮಜ್ಜಿಗೆ ಸಾಕು.

ಕರದಂಟಿನ ಮಾತು

ಗೋಕಾಕ ಸೀಮೆಯಲ್ಲಿ ನಿಂತು ಕರದಂಟಿನ ಬಗ್ಗೆ ಮಾತನಾಡದೆ ಹೋದರೆ ನೀವು ಬಿಡುವುದಿಲ್ಲ. ಅಂಟು, ಬೆಲ್ಲ, ಒಣಕೊಬ್ಬರಿ, ಖಾರೀಕು, ಗೋಡಂಬಿ, ಬದಾಮಿ, ತುಪ್ಪ, ಎಲ್ಲವೂ ಸತ್ವವುಳ್ಳ ಪದಾರ್ಥಗಳೇ. ಆದರೆ ಯಾರ ಸತ್ವಕ್ಕೆ? ಅಂಟು ಹಾಕಿದ ಇಂಥ ತಿನಿಸನ್ನು ನಮ್ಮ ಹಿರಿಯರು ಬಾಣಂತಿಗೆ ಕೊಟ್ಟರು, ಪೈಲವಾನನಿಗೆ ಕೊಟ್ಟರು. ಮೊದಲ ಆರು ತಿಂಗಳು ಮೊಲೆಯುಣಿಸುವ ತಾಯಿಗೆ ದಿನಕ್ಕೆ 600 ಕ್ಯಾಲೊರಿ ಹೆಚ್ಚಿಗೆ ಬೇಕು ಎಂದು ಇಂದಿನ ವಿಜ್ಞಾನ ಹೇಳುತ್ತದೆ. ಹಿರಿಯರ ಲೆಕ್ಕ ತಪ್ಪಿರಲಿಲ್ಲ. ಹಾಲು ಕೊಡುವವಳಿಗೆ ಹಿಂಡಿ ಹೆಚ್ಚು, ಅಷ್ಟೇ! ಅದನ್ನೇ ಟಿ.ವಿ. ಮುಂದೆ ಕುಳಿತು ನಾವು ಅರ್ಧ ಡಬ್ಬಿ ಖಾಲಿ ಮಾಡಿದರೆ ಅದು ಬತ್ತಿದ ಎಮ್ಮೆಗೆ ಹಿಂಡಿ ಸುರಿದಂತೆ. ಹಬ್ಬಕ್ಕೆ, ಬೀಗರು ಬಂದಾಗ ಒಂದು ತುಂಡು ತಿನ್ನಿರಿ, ಸವಿದು ತಿನ್ನಿರಿ.

ಹಾಲೆಲ್ಲ ಕ್ಯಾನಿಗೆ, ಮನೆಗೆ ಚಹಾದಷ್ಟೇ

ತಾಯಂದಿರೇ, ಈಗ ಹೇಳುವುದು ನಿಮಗೆ. ಇಷ್ಟು ಹೊತ್ತು ಹೆಚ್ಚಾದವರ ಬಗ್ಗೆ ಮಾತನಾಡಿದೆ. ಆದರೆ ಒಂದೇ ಮನೆಯಲ್ಲಿ ಯಜಮಾನನಿಗೆ ಹೊಟ್ಟೆ ಬೆಳೆದಿರುತ್ತದೆ, ಎರಡು ಹೊತ್ತು ಹಿಂಡಿ, ಸೆಗಣಿ ಬಳಿದು, ಮೇವು ಹೊತ್ತು ತರುವ ಹೆಣ್ಣುಮಗಳಿಗೆ ರಕ್ತ ಕಡಿಮೆ ಇರುತ್ತದೆ. ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಣ್ಣುವವರು ನೀವು. ನಿಮ್ಮಲ್ಲಿ ಹಲವರಿಗೆ ಬೇಕಾಗಿರುವುದು ತೂಕ ಇಳಿಸುವುದಲ್ಲ, ಸರಿಯಾಗಿ ಉಣ್ಣುವುದು.

ನಮ್ಮ ಹಾಲು ಎಷ್ಟೋ ಊರುಗಳ ಮಕ್ಕಳನ್ನು ಬೆಳೆಸುತ್ತದೆ. ನಮ್ಮ ಮನೆಯ ಮಕ್ಕಳಿಗೆ ಮಾತ್ರ ಚಹಾಕ್ಕೆ ಹಾಕುವಷ್ಟೇ ಉಳಿಯುತ್ತದೆ. ಹತ್ತು ಲೀಟರ್ ಹಾಕುವ ಮನೆ ಒಂದು ಲೀಟರ್ ಮನೆಗೆ ಇಟ್ಟುಕೊಂಡರೆ ಬಿಲ್ಲು ಸ್ವಲ್ಪ ಇಳಿಯಬಹುದು, ಮಕ್ಕಳ ಎಲುಬು ಗಟ್ಟಿಯಾಗುತ್ತದೆ. ತೂಕ ಹೆಚ್ಚಿದ್ದವರು ಕೆನೆ ತೆಗೆದ ಹಾಲು, ಮೊಸರು, ಮಜ್ಜಿಗೆ ಬಳಸಿರಿ. ಬೆಣ್ಣೆ ತೆಗೆದ ಮಜ್ಜಿಗೆಯಲ್ಲಿ ಪ್ರೋಟೀನ್, ಸುಣ್ಣದಂಶ ಉಳಿದಿರುತ್ತದೆ, ಕೊಬ್ಬು ಹೋಗಿರುತ್ತದೆ.

ರಕ್ತ ಕಡಿಮೆ ಇದ್ದವರು ಊಟದ ಜೊತೆಗೆ ಲಿಂಬೆ ಅಥವಾ ಪೇರಲ ತಿಂದರೆ ಸೊಪ್ಪು ಕಾಳುಗಳ ಕಬ್ಬಿಣಾಂಶ ಮೈಗೆ ಹತ್ತುತ್ತದೆ. ಊಟದ ಜೊತೆಗೇ ಚಹಾ ಕುಡಿದರೆ ಹತ್ತುವುದಿಲ್ಲ. ಒಂದು ತಾಸು ಅಂತರ ಇರಲಿ. ಬಸುರಿಯರು, ಬಾಣಂತಿಯರು ತೂಕ ಇಳಿಸುವ ಯಾವ ಪ್ರಯೋಗಕ್ಕೂ ಕೈಹಾಕಬಾರದು.

ಎಷ್ಟು ಇಳಿಸಬೇಕು, ಹೇಗೆ?

ಎಲ್ಲಕ್ಕಿಂತ ಸುಲಭದ ಅಳತೆ ಸೊಂಟದ ಸುತ್ತಳತೆ. ದರ್ಜಿಯ ಟೇಪು ಸಾಕು. ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದರೆ ಎಚ್ಚರಿಕೆ. ತೂಕದ ಲೆಕ್ಕ ಬೇಕೆಂದರೆ, 165 ಸೆಂಟಿಮೀಟರ್ ಎತ್ತರದವರು 63 ಕಿಲೋ ದಾಟಿದರೆ ಹೆಚ್ಚಿನ ತೂಕದ ಕಡೆಗೆ ಸಾಗಿದ್ದಾರೆ ಎಂದರ್ಥ. ದುಡಿದು ಸ್ನಾಯು ಬೆಳೆದವರಿಗೆ ಈ ಲೆಕ್ಕಕ್ಕಿಂತ ಸೊಂಟದ ಅಳತೆಯೇ ಸರಿ.

ತಿಂಗಳಿಗೆ ಹತ್ತು ಕಿಲೋ ಇಳಿಸುತ್ತೇವೆ ಎಂದು ಪುಡಿ ಮಾರುವವರನ್ನು ನಂಬಬೇಡಿರಿ. ವಾರಕ್ಕೆ ಅರ್ಧ ಕಿಲೋ ಇಳಿದರೆ ಬಹಳವಾಯಿತು. ಹೆಚ್ಚು ಇಳಿಸಬೇಕಾಗಿಯೂ ಇಲ್ಲ. ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ ಜನರ ಮೇಲೆ ಅಮೆರಿಕದಲ್ಲಿ ನಡೆದ ದೊಡ್ಡ ಅಧ್ಯಯನದ ಫಲ 2002ರಲ್ಲಿ ಹೊರಬಂತು. ತೂಕದ ನೂರಕ್ಕೆ ಏಳು ಪಾಲು ಇಳಿಸುವುದು ಮತ್ತು ವಾರಕ್ಕೆ 150 ನಿಮಿಷ ನಡೆಯುವುದು, ಇಷ್ಟೇ ಗುರಿ. ಅಷ್ಟರಿಂದಲೇ ಕಾಯಿಲೆಗೆ ತಿರುಗುವುದು ನೂರಕ್ಕೆ 58ರಷ್ಟು ಕಡಿಮೆಯಾಯಿತು. ನಮ್ಮ ಚೆನ್ನೈಯಲ್ಲಿ ನಡೆದ, 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಏನೂ ಬದಲಾಯಿಸದವರಲ್ಲಿ ಮೂರು ವರ್ಷಕ್ಕೆ ನೂರಕ್ಕೆ 55 ಜನರಿಗೆ ಕಾಯಿಲೆ ಬಂತು. ಊಟ, ನಡಿಗೆ ಸರಿಪಡಿಸಿಕೊಂಡವರಲ್ಲಿ 39 ಜನರಿಗೆ ಬಂತು. ಅಂದರೆ ನೂರರಲ್ಲಿ ಹದಿನಾರು ಮನೆ ಉಳಿದವು. ಔಷಧಿಯ ಖರ್ಚು ಗೊತ್ತಿದ್ದವರಿಗೆ ಇದು ಸಣ್ಣ ಮಾತಲ್ಲ.

ನಾನು ಮಾಡಿದ್ದು ಇಷ್ಟು. ತಾಟಿನಲ್ಲಿ ಅರ್ಧ ಭಾಗ ಪಲ್ಯ, ಸವತಿಕಾಯಿ, ಗಜ್ಜರಿ, ಮೆಂತ್ಯೆ ಸೊಪ್ಪು. ಕಾಲು ಭಾಗ ಕಾಳು, ಝುಣಕ ಅಥವಾ ಬೇಳೆ. ಕಾಲು ಭಾಗ ರೊಟ್ಟಿ, ಹೊತ್ತಿಗೆ ಎರಡರಂತೆ. ಅನ್ನ ಒಂದು ಹಿಡಿ, ಅದೂ ಕೊನೆಗೆ. ಚಹಾ ದಿನಕ್ಕೆ ಎರಡು, ಸಕ್ಕರೆ ಇಲ್ಲ. ಸಂಜೆ ಮಿರ್ಚಿ ಭಜಿಯ ಬದಲು ಒಂದು ಪೇರಲ ಅಥವಾ ಬಾರಿಹಣ್ಣು. ಡೈರಿಗೆ ಹಾಲು ಹಾಕಲು ಗಾಡಿ ಬಿಟ್ಟು ನಡಿಗೆ. ರಾತ್ರಿ ಊಟದ ಮೇಲೆ ಕಾಲುವೆ ದಂಡೆಗುಂಟ ಅರ್ಧ ತಾಸು. ಹದಿನಾಲ್ಕು ತಿಂಗಳಲ್ಲಿ 86ರಿಂದ 76 ಕಿಲೋಗೆ ಬಂದೆ. ಗುಳಿಗೆ ಬಿಟ್ಟಿಲ್ಲ, ಆದರೆ ಡಾಕ್ಟರು ಅರ್ಧಕ್ಕೆ ಇಳಿಸಿದ್ದಾರೆ. ಮದುವೆ ಮನೆಯಲ್ಲಿ ಈಗಲೂ ಕೈ ಬುಂದಿಯ ಕಡೆಗೆ ಹೋಗುತ್ತದೆ, ಸುಳ್ಳು ಹೇಳುವುದಿಲ್ಲ.

ಎರಡು ಎಚ್ಚರಿಕೆ. ಸಕ್ಕರೆ ಕಾಯಿಲೆಗೆ ಗುಳಿಗೆ, ಇನ್ಸುಲಿನ್ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಊಟ ಒಮ್ಮೆಲೇ ಕಡಿಮೆ ಮಾಡಬಾರದು. ರಕ್ತದ ಸಕ್ಕರೆ ತೀರ ಇಳಿದು ಬೆವರು, ನಡುಕ, ಕಣ್ಣು ಕತ್ತಲೆ ಬರಬಹುದು. ಹಾಗಾದರೆ ತಡಮಾಡದೆ ಮೂರು ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕುಡಿಸಿರಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ. ಎರಡನೆಯದು, ಮೂತ್ರಪಿಂಡದ ತೊಂದರೆ ಇದ್ದವರು ಯಾವ ಹಣ್ಣು ತಿನ್ನಬಹುದೆಂದು ಡಾಕ್ಟರನ್ನೇ ಕೇಳಬೇಕು. 30 ವರ್ಷ ದಾಟಿದ ಎಲ್ಲರಿಗೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಕ್ಕರೆ, ರಕ್ತದೊತ್ತಡದ ತಪಾಸಣೆ ಉಚಿತವಾಗಿ ಮಾಡುತ್ತಾರೆ. ವರ್ಷಕ್ಕೊಮ್ಮೆ ಮಾಡಿಸಿಕೊಳ್ಳಿರಿ.

ಕೊನೆಯ ಮಾತು

ಬಂಧುಗಳೇ, ಸಂಘದಲ್ಲಿ ಹಾಲು ಹಾಕಿದರೆ ಲೀಟರ್ ಎಷ್ಟು, ಫ್ಯಾಟು ಎಷ್ಟು, ಎಸ್.ಎನ್.ಎಫ್. ಎಷ್ಟು ಎಂದು ನೋಡುತ್ತೀರಿ. ಒಂದು ಪಾಯಿಂಟ್ ಕಡಿಮೆ ಬಂದರೆ ಕಾರ್ಯದರ್ಶಿಯನ್ನು ಕೇಳುತ್ತೀರಿ. ಕೇಳಲೇಬೇಕು. ಅಷ್ಟೇ ಆಸ್ಥೆಯಿಂದ ತಿಂಗಳಿಗೊಮ್ಮೆ ನಿಮ್ಮ ಮತ್ತು ನಿಮ್ಮ ಮನೆಯವರ ಸೊಂಟದ ಅಳತೆ, ತೂಕ ಕ್ಯಾಲೆಂಡರಿನ ಮೇಲೆ ಬರೆದಿಡಿರಿ. ಸಂಘದ ಕಾರ್ಯದರ್ಶಿಗಳು ಮನಸ್ಸು ಮಾಡಿದರೆ ಪಶು ಆಹಾರ ತೂಗುವ ಯಂತ್ರದ ಮೇಲೆ ತಿಂಗಳ ಒಂದು ದಿನ ಸದಸ್ಯರನ್ನೂ ತೂಗಬಹುದು. ಅದಕ್ಕೆ ಖರ್ಚೇನೂ ಇಲ್ಲ.

ಎಮ್ಮೆ ತನ್ನ ನೋವು ಬಾಯಿಬಿಟ್ಟು ಹೇಳಲಾರದು, ಆದ್ದರಿಂದ ನಾವು ಅದರ ಮೇವು ಅಳೆದು ಹಾಕುತ್ತೇವೆ. ನಮ್ಮ ಶರೀರವೂ ಮೊದಮೊದಲು ಏನನ್ನೂ ಹೇಳುವುದಿಲ್ಲ. ಹೇಳುವ ಹೊತ್ತಿಗೆ ತಡವಾಗಿರುತ್ತದೆ. ಇಂದು ಮನೆಗೆ ಹೋಗಿ ಬೇರೇನೂ ಮಾಡದಿದ್ದರೂ ಚಹಾದ ಸಕ್ಕರೆ ಒಂದು ಚಮಚ ಕಡಿಮೆ ಮಾಡಿರಿ, ಮನೆಯ ಪ್ರತಿಯೊಬ್ಬರಿಗೂ, ಕೊನೆಗೆ ಉಣ್ಣುವ ಆ ತಾಯಿಗೂ, ಒಂದೊಂದು ಹಣ್ಣು ಕೊಡಿರಿ.



ಜೈ ಸಹಕಾರ.